ಕಾರ್ನಾಕ್‌ಗೆ ಜುಲೈನಲ್ಲಿ ಹೋಗಬೇಡಿ

ಆದಿಕಾಲದ ನಿಂತ ಕಲ್ಲುಗಳ ಸಾಲಿಗೆ ಹೆಸರಾದ, ಫ್ರಾನ್ಸಿನ ಬ್ರಿಟನಿ ಸೀಮೆಯ ಕಾರ್ನಾಕ್‌ಗೆ ಹೋಗುವ ನಮ್ಮವರು ಸಾಮಾನ್ಯವಾಗಿ ಮಕ್ಕಳ ರಜೆ ನೋಡಿಕೊಂಡು ಜುಲೈ, ಆಗಸ್ಟ್‌ನಲ್ಲೇ ಹೊರಡುತ್ತಾರೆ. ಸಮುದ್ರವೂ ಆಯಿತು, ಕಲ್ಲೂ ಆಯಿತು ಅನ್ನುವ ಲೆಕ್ಕ. ಸಮುದ್ರವೇನೋ ಆಗುತ್ತದೆ. ಕಲ್ಲು ಮಾತ್ರ ತಂತಿಬೇಲಿಯ ಆಚೆಗೇ ಉಳಿಯುತ್ತದೆ. ಅಷ್ಟು ದೂರ ಹೋಗಿ ಬೇಲಿ ನೋಡಿ ಬಂದ ಹಾಗಾಯಿತು ಎಂದು ಗೊಣಗುವವರು ಬಹಳ. ತಪ್ಪು ಬೇಲಿಯದಲ್ಲ, ತಿಂಗಳಿನದು.

ಅಲ್ಲಿ ಇರುವುದು ಒಂದೆರಡು ಕಲ್ಲಲ್ಲ, 3,000ಕ್ಕೂ ಹೆಚ್ಚು. ಗ್ರಾನೈಟ್ ಕಲ್ಲುಗಳನ್ನು ಸಾಲುಸಾಲಾಗಿ ನೆಟ್ಟಿದ್ದಾರೆ, ಕ್ರಿ.ಪೂ. 5ನೆಯ ಸಹಸ್ರಮಾನದಲ್ಲೇ ಕೆಲಸ ಶುರುವಾಗಿತ್ತು. ಮೆನೆಕ್, ಕೆರ್ಮಾರಿಯೊ, ಕೆರ್ಲೆಸ್ಕಾನ್ ಎಂದು ಮೂರು ದೊಡ್ಡ ಗುಂಪು. ಜನ ಮನಸ್ಸು ಬಂದಲ್ಲಿ ತುಳಿದಾಡಿದ್ದರಿಂದ ಹುಲ್ಲು ಸತ್ತಿತು, ಬರಿದಾದ ಮಣ್ಣನ್ನು ಮಳೆ ಕೊಚ್ಚಿಕೊಂಡು ಹೋಯಿತು, ಕಲ್ಲಿನ ಬುಡ ಹೊರಬಿತ್ತು. ಈ ಕಲ್ಲುಗಳು ನೆಲದೊಳಗೆ ಹೆಚ್ಚು ಆಳಕ್ಕೆ ಇಳಿದಿಲ್ಲ; ಬುಡದ ಮಣ್ಣು ಹೋದರೆ ವಾಲಲು ತಡವಾಗದು. ಹಾಗಾಗಿ 1991ರಲ್ಲಿ ಬೇಲಿ ಬಂತು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮಾರ್ಗದರ್ಶಕರ ಜೊತೆ, ಟಿಕೆಟ್ ತೆಗೆದುಕೊಂಡು ಮಾತ್ರ ಒಳಗೆ ಬಿಡುತ್ತಾರೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಗೇಟು ತೆರೆದಿರುತ್ತದೆ, ಕಾಸಿಲ್ಲದೆ ಒಳಗೆ ಓಡಾಡಬಹುದು. ಗದ್ದೆಗೆ ಒಂದು ಬೆಳೆಯ ಬಿಡುವು ಕೊಟ್ಟ ಹಾಗೆ ನೆಲಕ್ಕೂ ಬಿಡುವು. ನನಗೆ ಅಲ್ಲಿ ಕಲ್ಲಿನಷ್ಟೇ ಹಿಡಿಸಿದ್ದು ಈ ಏರ್ಪಾಟು.

ಪ್ಯಾರಿಸ್‌ನ ಮೊಂಪಾರ್ನಾಸ್ ನಿಲ್ದಾಣದಿಂದ ಟಿಜಿವಿ ಎಂಬ ವೇಗದ ರೈಲು ಹತ್ತಿ ಓರೇಯಲ್ಲಿ ಇಳಿಯಬೇಕು, ಎರಡೂವರೆಯಿಂದ ಮೂರು ತಾಸು. ಅಲ್ಲಿಂದ ಬಸ್ಸಿನಲ್ಲಿ ಸುಮಾರು 13 ಕಿ.ಮೀ. ಇಳಿಯುವಾಗ ಜಾಗ್ರತೆ: ಕಾರ್ನಾಕ್ ಎಂದರೆ ಎರಡು ಊರು. ಚರ್ಚು, ಮ್ಯೂಸಿಯಂ ಇರುವ ಹಳೇ ಊರು ಒಂದು. 1903ರ ಹೊತ್ತಿಗೆ ಹಳೆಯ ಉಪ್ಪಿನ ಮಡಿಗಳ ಜಾಗದಲ್ಲಿ ಎದ್ದ ಬೀಚಿನ ಊರು ಇನ್ನೊಂದು. ಕಲ್ಲುಗಳು ಹಳೇ ಊರಿನ ಉತ್ತರಕ್ಕಿವೆ. ಚಳಿಗಾಲದಲ್ಲಿ ಅಗ್ಗವೆಂದು ಬೀಚಿನ ಬಳಿ ರೂಮು ಹಿಡಿದರೆ ಕಲ್ಲಿಗೂ ದೂರ, ಊಟಕ್ಕೂ ದೂರ. ಅಲ್ಲಿ ಅರ್ಧಕ್ಕರ್ಧ ಮನೆಗಳ ಕಿಟಕಿ ಮುಚ್ಚಿರುತ್ತದೆ.

ನೋಡುವುದನ್ನು ಮೆನೆಕ್‌ನ ಪಶ್ಚಿಮ ತುದಿಯಿಂದ ಶುರು ಮಾಡಿ. ಹನ್ನೊಂದು ಸಾಲು, ಸಾವಿರದ ಮೇಲೆ ಕಲ್ಲು. ಪಶ್ಚಿಮದಲ್ಲಿ ಎರಡಾಳೆತ್ತರದವು, ಪೂರ್ವಕ್ಕೆ ನಡೆದಂತೆ ಸೊಂಟಕ್ಕೆ, ಆಮೇಲೆ ಮೊಣಕಾಲಿಗೆ ಇಳಿಯುತ್ತವೆ. ಆ ಇಳಿಕೆ ಕಾಲಿಗೆ ತಿಳಿಯಬೇಕು, ಫೋಟೋದಲ್ಲಿ ತಿಳಿಯದು. ಅಲ್ಲಿಂದ ಕೆರ್ಮಾರಿಯೊ, ಬಳಿಕ ಕಾಡಿನೊಳಗೆ ಒಂಟಿಯಾಗಿ ನಿಂತ ಆರೂವರೆ ಮೀಟರಿನ ಮಾನಿಯೊ ದೈತ್ಯ, ಕೊನೆಗೆ ಕೆರ್ಲೆಸ್ಕಾನ್. ಒಟ್ಟು ನಾಲ್ಕು ಕಿ.ಮೀ. ಹತ್ತಿರ, ಅರ್ಧ ದಿನ ಇಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದೇ ಒಂಬತ್ತರ ಹೊತ್ತಿಗೆ, ಸಂಜೆ ಐದೂಕಾಲಿಗೆಲ್ಲ ಮುಳುಗುತ್ತಾನೆ. ಆದರೆ ಇಡೀ ದಿನ ಬಿಸಿಲು ಓರೆಯಾಗಿ ಬಿದ್ದು, ಒಂದೊಂದು ಕಲ್ಲಿಗೂ ಉದ್ದ ನೆರಳು. ಕೆಸರು ಮಾತ್ರ ಗ್ಯಾರಂಟಿ. ಕ್ಯಾನ್ವಾಸ್ ಶೂ ಬೇಡ.

ಹತ್ತಿರ ಹೋಗಿ ಕೆಲವು ಕಲ್ಲುಗಳ ಬುಡ ನೋಡಿ. ಕುಂಕುಮ ಇಟ್ಟ ಹಾಗೆ ಕೆಂಪು ಸಿಮೆಂಟಿನ ಸಣ್ಣ ಬೊಟ್ಟು ಕಾಣುತ್ತದೆ. ಅದು ಪೂಜೆಯಲ್ಲ, ಪ್ರಾಮಾಣಿಕತೆ. ಬಿದ್ದಿದ್ದ ಕಲ್ಲನ್ನು ಮತ್ತೆ ಎತ್ತಿ ನಿಲ್ಲಿಸಿದಾಗ, ಇದು ನಾವು ನಿಲ್ಲಿಸಿದ್ದು ಎಂದು ಹಾಕಿದ ಗುರುತು. ಆ ಊರಿನವರೇ ಆದ ಪುರಾತತ್ವಜ್ಞ ಝಕಾರಿ ಲ ರೂಝಿಕ್ ರೂಢಿಗೆ ತಂದದ್ದು. ಊರಿನ ಮ್ಯೂಸಿಯಂಗೆ ಅವರ ಹೆಸರೂ ಇದೆ. ನಮ್ಮಲ್ಲಿ ಜೀರ್ಣೋದ್ಧಾರವೆಂದರೆ ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಯಾರಿಗೂ ತಿಳಿಯದ ಹಾಗೆ ಬಣ್ಣ ಬಳಿಯುವುದು. ಈ ಒಂದು ಬೊಟ್ಟನ್ನಾದರೂ ನಾವು ಎರವಲು ತರಬೇಕಿತ್ತು.

ಫ್ರೆಂಚರು ಮಹಾ ಸಂಭಾವಿತರು ಅಂತಲ್ಲ. ಮೆನೆಕ್ ಹಳ್ಳಿಯ ಮನೆಗಳು ಕಲ್ಲಿನ ಸುತ್ತುಗಟ್ಟಿನ ಒಳಗೇ ಎದ್ದಿವೆ. 2023ರಲ್ಲಿ ಒಂದು ಅಂಗಡಿ ಕಟ್ಟಲು ಸುಮಾರು 40 ಸಣ್ಣ ಕಲ್ಲುಗಳನ್ನು ಕಿತ್ತು ಹಾಕಿದರೆಂದು ದೇಶವೆಲ್ಲ ಗದ್ದಲವಾಯಿತು. ಅವು ನಿಜಕ್ಕೂ ಪ್ರಾಚೀನವೇ ಎಂಬ ವಾದವೂ ನಡೆಯಿತು. ಕಾರ್ನಾಕ್‌ನ ಕಲ್ಲುಗಳು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ಅದಾದ ಎರಡು ವರ್ಷಕ್ಕೆ, 2025ರ ಜುಲೈನಲ್ಲಿ.

ನಮ್ಮದನ್ನು ಪಕ್ಕಕ್ಕಿಟ್ಟು ನೋಡಿ. ಗಂಗಾವತಿಯಿಂದ ಸುಮಾರು 10 ಕಿ.ಮೀ. ದೂರದ ಹಿರೇಬೆಣಕಲ್ ಗುಡ್ಡದ ಮೇಲೆ ಸುಮಾರು 400 ಶಿಲಾಸಮಾಧಿಗಳಿವೆ. ಅವು ಕಾರ್ನಾಕ್‌ಗಿಂತ ಮೂರು ಸಾವಿರ ವರ್ಷಕ್ಕೂ ಮಿಕ್ಕಿ ಈಚಿನವು, ನಿಂತ ಕಲ್ಲಲ್ಲ, ಚಪ್ಪಡಿಯ ಮನೆಗಳು. ಸಾಲುಗಲ್ಲೇ ಬೇಕೆಂದರೆ ಶಹಾಪುರದ ವಿಭೂತಿಹಳ್ಳಿಗೆ ಹೋಗಬೇಕು. ನಿಂತ ಕಲ್ಲು ಬೇಕೆಂದರೆ ಹೊಸನಗರ ತಾಲ್ಲೂಕಿನ ನಿಲಸಕಲ್ಲು, ಬೈಸೆ. ಹಿರೇಬೆಣಕಲ್ 2021ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿದೆ. ಬೇಲಿ ಇಲ್ಲದ ಕಡೆ ಸ್ವಾತಂತ್ರ್ಯವಿದೆ ಎಂದು ಬೀಗುವ ಹಾಗಿಲ್ಲ. ನೆಲ ತುಳಿದು ಹಾಳಾಗದಿರುವುದು ನಮ್ಮ ಶಿಸ್ತಿನಿಂದಲ್ಲ, ಜನ ಬಾರದ್ದರಿಂದ.

ಕಥೆ ಕಟ್ಟುವುದರಲ್ಲಿ ಮಾತ್ರ ಎರಡೂ ಕಡೆಯವರು ಸರಿಜೋಡಿ. ಸಂತ ಕೊರ್ನೇಲಿಯನ್ನು ಅಟ್ಟಿಸಿಕೊಂಡು ಬಂದ ರೋಮನ್ ಸೈನಿಕರು ನಿಂತಲ್ಲೇ ಕಲ್ಲಾದರಂತೆ. ಈ ಸಂತ ದನಕರುಗಳನ್ನು ಕಾಯುವವನು. ಚರ್ಚಿನ ಮುಂಭಾಗದಲ್ಲಿ ಅವನ ಎಡಬಲಕ್ಕೆ ಎತ್ತುಗಳಿವೆ. ನಮ್ಮ ಕಾರಹುಣ್ಣಿಮೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿರೇಬೆಣಕಲ್ಲಿನವರು ಆ ಚಪ್ಪಡಿ ಮನೆಗಳನ್ನು ಮೋರೇರ ಮನೆ ಅನ್ನುತ್ತಾರೆ, ಕುಳ್ಳಜನ ಬಾಳಿದ ಮನೆಗಳಂತೆ.

ಊಟದ ವಿಷಯ. ಹೋಟೆಲಿನ ಒಲೆ ಮಧ್ಯಾಹ್ನ ಎರಡಕ್ಕೆ ಆರಿದರೆ ಮತ್ತೆ ಉರಿಯುವುದು ಸಂಜೆ ಏಳಕ್ಕೆ. ಮೂರು ಗಂಟೆಗೆ ಹಸಿದು ಹೋದವರಿಗೆ ಕಾಫಿಯೇ ಗತಿ. ಅಲ್ಲಿಯ ಗಾಲೆಟ್ ನಮ್ಮ ನೀರುದೋಸೆಯ ದೂರದ ನೆಂಟ: ಬಕ್‌ವೀಟ್ ಹಿಟ್ಟು, ನೀರು, ಉಪ್ಪು, ಕೆಲವು ಗಂಟೆ ನೆನೆ, ಅಗಲವಾದ ಕಬ್ಬಿಣದ ಹೆಂಚಿನ ಮೇಲೆ ಮರದ ಕಡ್ಡಿಯಲ್ಲಿ ತೆಳ್ಳಗೆ ಎಳೆಯುತ್ತಾರೆ. ‘ಕಂಪ್ಲೇಟ್’ ಎಂದು ಹೇಳಿದರೆ ಮೊಟ್ಟೆ, ಚೀಸ್ ಜೊತೆ ಹಂದಿಮಾಂಸವೂ ಬರುತ್ತದೆ. ಸಸ್ಯಾಹಾರಿಗಳು ‘ಸಾಂ ಜಾಂಬೋಂ’ (ಹಂದಿಮಾಂಸ ಬೇಡ) ಎಂದಷ್ಟೇ ಹೇಳಿದರೆ ಸಾಲದು. ಹೆಂಚಿಗೆ ಹಂದಿಕೊಬ್ಬು ಸವರುವ ಹಳೇ ರೂಢಿಯೂ ಇದೆ, ಬೆಣ್ಣೆಯಲ್ಲೇ ಮಾಡಿ ಎಂದು ಕೇಳಿಕೊಳ್ಳಿ.

ಜುಲೈ ಬಿಟ್ಟರೆ ರಜೆಯೇ ಇಲ್ಲ ಎನ್ನುವವರು ಟಿಕೆಟನ್ನು ಮೊದಲೇ ಬುಕ್ ಮಾಡಿ. ಹೆಚ್ಚಿನ ಸುತ್ತುಗಳು ಫ್ರೆಂಚಿನಲ್ಲೇ, ಇಂಗ್ಲಿಷಿನವು ಕಡಿಮೆ. ಬೀಚಿಗೆ ಹೋಗುವ ಮೊದಲು ಉಬ್ಬರ-ಇಳಿತದ ವೇಳಾಪಟ್ಟಿ ನೋಡಿ. ಅದರಲ್ಲಿ 20ರಿಂದ 120ರವರೆಗೆ ಒಂದು ಅಂಕಿ ಇರುತ್ತದೆ. 90 ದಾಟಿದ ದಿನ ನೀರು ದೂರ ಹಿಂದೆ ಸರಿದು ಅಷ್ಟೇ ಜೋರಾಗಿ ಮರಳುತ್ತದೆ. ಬೇಲಿ ಬೇಡವೇ ಬೇಡ ಎಂದರೆ ಹತ್ತು ಕಿ.ಮೀ. ಆಸುಪಾಸಿನ ಎರ್ದವೆನ್‌ಗೆ ಹೋಗಿ. ಅಲ್ಲಿಯ ಕೆರ್ಝೆರೊ ಸಾಲು ಬೇಸಿಗೆಯಲ್ಲೂ ತೆರೆದೇ ಇರುತ್ತದೆ. ಡಾಂಬರು ರಸ್ತೆ ಸಾಲನ್ನೇ ಸೀಳಿಕೊಂಡು ಹೋಗಿದೆ, ಕಾರುಗಳು ಕಲ್ಲಿನ ಪಕ್ಕದಲ್ಲೇ ಹಾಯುತ್ತವೆ. ನಮ್ಮೂರ ರಸ್ತೆಬದಿಯ ವೀರಗಲ್ಲಿನಂತೆ ಅವೂ ಧೂಳು ಕುಡಿಯುತ್ತ ನಿಂತಿವೆ.