ಸ್ಟ್ರಿಪ್‌ನಲ್ಲಿ ಎರಡು ಗೆರೆ, 21ನೇ ದಿನದ ರಕ್ತಪರೀಕ್ಷೆ: ಪಿಸಿಓಎಸ್ ಇದ್ದವರಿಗೆ ಸ್ಪಷ್ಟನೆ

"ಓವ್ಯುಲೇಶನ್ ಸ್ಟ್ರಿಪ್‌ನಲ್ಲಿ ಎರಡು ಗೆರೆ ಬಂದರೆ ಅಂಡಾಣು ಬಿಡುಗಡೆಯಾದಂತೆ, 21ನೇ ದಿನ ಪ್ರೊಜೆಸ್ಟರಾನ್ ಪರೀಕ್ಷೆ ಮಾಡಿಸಿದರೆ ಖಚಿತ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಇದು ಬಹುಮಟ್ಟಿಗೆ ಒಪ್ಪೀತು. ಪಿಸಿಓಎಸ್ ಎಂಬ ಹಾರ್ಮೋನ್ ತೊಂದರೆಯಿಂದ ಮುಟ್ಟು ಏರುಪೇರಾಗುವವರಿಗೆ ಒಪ್ಪುವುದಿಲ್ಲ.

ಸ್ಟ್ರಿಪ್ ಪತ್ತೆ ಮಾಡುವುದು ಅಂಡಾಣು ಬಿಡುಗಡೆಗೆ ಪ್ರಚೋದಿಸುವ, ಮೂತ್ರದಲ್ಲಿನ ಎಲ್‌ಎಚ್ ಹಾರ್ಮೋನನ್ನು, ಅಂಡಾಣುವನ್ನಲ್ಲ. ಪಿಸಿಓಎಸ್ ಇರುವ ಹಲವರಲ್ಲಿ ಎಲ್‌ಎಚ್ ಮೊದಲೇ ಹೆಚ್ಚಿರುತ್ತದೆ. ದಿನಗಟ್ಟಲೆ ಎರಡು ಗೆರೆ ಕಾಣಿಸಬಹುದು. ಎಲ್‌ಎಚ್ ಏರಿ, ಅಂಡಾಣು ಹೊರಬಾರದೆ ಇಳಿದು, ಮತ್ತೆ ಏರುವುದೂ ಉಂಟು. ಅಂದಹಾಗೆ, ಮಸುಕಾದ ಎರಡನೇ ಗೆರೆ ಪಾಸಿಟಿವ್ ಅಲ್ಲವೇ ಅಲ್ಲ. ಟೆಸ್ಟ್ ಗೆರೆ, ಹೋಲಿಕೆಗೆಂದು ಯಾವಾಗಲೂ ಮೂಡುವ ಕಂಟ್ರೋಲ್ ಗೆರೆಯಷ್ಟಾದರೂ ಗಾಢವಾಗಿರಬೇಕು.

ಹೆಚ್ಚು ಹಾನಿ ಮಾಡುತ್ತಿರುವುದು ಮುಟ್ಟಿನ ಮೊದಲ ದಿನದಿಂದ ಎಣಿಸುವ 21ನೇ ದಿನದ ಲೆಕ್ಕ. ಅಂಡಾಣು ಬಿಡುಗಡೆಯಾಗಿ ಸುಮಾರು 14 ದಿನಕ್ಕೆ ಮುಟ್ಟು ಬರುತ್ತದೆ. ಅಂಡಾಣು ಬಿಡುಗಡೆಯಾದ ಮೇಲೆ ಹೆಚ್ಚುವ ಹಾರ್ಮೋನ್ ಪ್ರೊಜೆಸ್ಟರಾನ್ ಗರಿಷ್ಠ ಮಟ್ಟಕ್ಕೇರುವುದು ಅದರ ನಡುವೆ, ಬಿಡುಗಡೆಯಾದ 7ನೇ ದಿನದ ಹೊತ್ತಿಗೆ. ಮುಟ್ಟಿನ ಚಕ್ರ 42 ದಿನದ್ದಾದರೆ ಅಂಡಾಣು ಬರುವುದು 28ರ ಆಸುಪಾಸು, ರಕ್ತ ಕೊಡಬೇಕಾದದ್ದು 35ಕ್ಕೆ. 21ಕ್ಕೇ ಕೊಟ್ಟರೆ ಅಂಕಿ ತಗ್ಗಿಯೇ ಬರುತ್ತದೆ, ಮನೆಯಲ್ಲಿ ಸುಮ್ಮನೆ ಗಾಬರಿ. ಮುಟ್ಟಿನ ದಿನ ಅಂದಾಜಿಗೇ ಸಿಗದವರಿಗೆ ವೈದ್ಯರು ವಾರಕ್ಕೊಮ್ಮೆ, ಮುಂದಿನ ಮುಟ್ಟಿನವರೆಗೆ ಪರೀಕ್ಷೆ ಬರೆದುಕೊಡುವುದುಂಟು. ಪ್ರತಿ ಮಿಲಿಲೀಟರ್‌ಗೆ 3 ನ್ಯಾನೊಗ್ರಾಂ ದಾಟಿದರೆ ಅಂಡಾಣು ಬಿಡುಗಡೆಯಾಗಿದೆ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಪ್ರೊಜೆಸ್ಟರಾನ್ ಮಾತ್ರೆ ನುಂಗುತ್ತಿರುವಾಗ ಮಾತ್ರ ಈ ಪರೀಕ್ಷೆ ಬೇಡ, ಫಲಿತಾಂಶ ದಾರಿ ತಪ್ಪಿಸೀತು. ಆ ಮಾತ್ರೆ ನಿಲ್ಲಿಸಿದ ಮೇಲೆ ಬರುವ ಮುಟ್ಟೂ ಅಂಡಾಣು ಬಿಡುಗಡೆಯಾಗಿತ್ತು ಎಂಬುದಕ್ಕೆ ಪುರಾವೆಯಲ್ಲ.

ಸ್ಟ್ರಿಪ್‌ಗೆ ಕಾದು ಕೂರುವ ಬದಲು, ಮಗು ಬಯಸುವ ದಂಪತಿ 2–3 ದಿನಕ್ಕೊಮ್ಮೆ ಸೇರುವುದೇ ಮೇಲು. ಅಂಡಾಣು ಬೆಳೆಸುವ ಲೆಟ್ರೊಜೋಲ್ ಮಾತ್ರೆ ಶುರುವಾಗಿದ್ದರೆ, ಅಂಡಾಣು ಚೀಲದ ಬೆಳವಣಿಗೆ ನೋಡುವ ಫಾಲಿಕಲ್ ಸ್ಕ್ಯಾನ್ ಹೇಳುವುದನ್ನು ನಂಬಿ.