ನಮ್ಮ ಪಾರ್ಕನ್ನು ಬಿಟ್ಟುಕೊಡುವುದು ಬೇಡ

"ಪಾರ್ಕಿನ ಹಿಂಭಾಗ ಸುಮ್ಮನೆ ಬಿದ್ದಿದೆ, ಅಲ್ಲೊಂದಿಷ್ಟು ಮನೆ ಕಟ್ಟಿದರೆ ತಪ್ಪೇನು?" ನಮ್ಮ ಲೇಔಟಿನ ವಾಟ್ಸಾಪ್ ಗುಂಪಿನಲ್ಲಿ ಈಚೆಗೆ ಇದೇ ಮಾತು. ಕೇಳುತ್ತಿರುವವರು ನಮ್ಮ ಅಕ್ಕಪಕ್ಕದವರೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಹಿಂಭಾಗಕ್ಕೆ ಒಂದು ಮಧ್ಯಾಹ್ನ ಹೋಗಿ ನೋಡಿ. ಬೆಳಗಿನ ಜಾವದಿಂದ ಬೀದಿ ಗುಡಿಸಿದ ಪೌರಕಾರ್ಮಿಕ ಹೆಂಗಸರು ಹೊಂಗೆ ನೆರಳಲ್ಲಿ ಬುತ್ತಿ ಬಿಚ್ಚಿ ಕೂತಿರುತ್ತಾರೆ. ಸಂಜೆಯಾದರೆ ವಠಾರದ ಮಕ್ಕಳು ಇಟ್ಟಿಗೆ ನಿಲ್ಲಿಸಿ ಕ್ರಿಕೆಟ್ ಆಡುತ್ತಾರೆ. ಒಂದೇ ಕೋಣೆಯ ಮನೆಗಳಲ್ಲಿ ಬೆಳೆಯುವ ಮಕ್ಕಳು ಅವರು, ಓಡಲಿಕ್ಕೆ ಬೇರೆ ಜಾಗವಿಲ್ಲ. ಜೋರು ಮಳೆ ಬಂದರೆ ಮೇಲಿನ ರಸ್ತೆಗಳ ನೀರೆಲ್ಲ ಬಂದು ನಿಲ್ಲುವುದು ಅಲ್ಲಿನ ತಗ್ಗಿನಲ್ಲೇ. ಸಂಜೆ ಮೊಣಕಾಲುದ್ದ ನಿಂತಿದ್ದು ಬೆಳಗಾಗುವಷ್ಟರಲ್ಲಿ ಇಂಗಿಹೋಗಿರುತ್ತದೆ. 2024ರ ಬೇಸಿಗೆಯಲ್ಲಿ ಊರಿಡೀ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದದ್ದು ಇಷ್ಟು ಬೇಗ ಮರೆತುಹೋಯಿತೇ? ಆ ತಗ್ಗಿಗೆ ಕಾಂಕ್ರೀಟ್ ಸುರಿದರೆ ಮಳೆನೀರು ಇಂಗುವುದಿಲ್ಲ, ಕೆಳಗಿನ ಅಡ್ಡರಸ್ತೆಯ ಮನೆಗಳಿಗೆ ನುಗ್ಗುತ್ತದೆ.

ಮನೆ ಬೇಡ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಬಾಡಿಗೆ ಕಟ್ಟಲಾಗದೆ ಒದ್ದಾಡುವವರ ಸಂಕಟ ದೊಡ್ಡದು. ಆದರೆ ಸೈಟು ಕೊಂಡು ವರ್ಷಗಟ್ಟಲೆ ಬೇಲಿ ಹಾಕಿ ಬಿಟ್ಟವರು ನಮ್ಮ ಲೇಔಟಿನಲ್ಲೇ ಎಷ್ಟು ಮಂದಿಯಿದ್ದಾರೆ! ಅವರನ್ನು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಸೇರಿದ ಜಾಗದ ಮೇಲೇ ಮೊದಲು ಕಣ್ಣು ಬೀಳುತ್ತದೆ.

ಈ ಜಾಗ ಯಾರದೋ ಔದಾರ್ಯದಿಂದ ಉಳಿದದ್ದೂ ಅಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕಾಯ್ದೆಯ ಪ್ರಕಾರ ಬಡಾವಣೆಯ ಕನಿಷ್ಠ ಶೇ. 15ರಷ್ಟು ಜಾಗ ಉದ್ಯಾನ, ಆಟದ ಮೈದಾನಗಳಿಗೆ ಮೀಸಲು. ಹಾಗೆ ಮೀಸಲಿಟ್ಟದ್ದನ್ನು ಪ್ರಾಧಿಕಾರವೂ ಮಾರುವಂತಿಲ್ಲ, ಮಾರಿದರೆ ಅದು ಅಸಿಂಧು ಎನ್ನುತ್ತದೆ 38ಎ ಕಲಮು.

"ಮೇಲಿನಿಂದಲೇ ಆದೇಶ ಬಂದರೆ ನಾವೇನು ಮಾಡೋಕಾಗುತ್ತೆ" ಎನ್ನುವವರು ಬೆಂಗಳೂರಿನದೇ ರಾಜಮಹಲ್ ವಿಲಾಸ್ ಬಡಾವಣೆಯ ಕಥೆ ಕೇಳಬೇಕು. ಅಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಗಿತ್ತು. ಆದೇಶ ಬಂದದ್ದು ಮುಖ್ಯಮಂತ್ರಿಗಳ ಮಟ್ಟದಿಂದಲೇ. ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ಸುಮ್ಮನಾಗಲಿಲ್ಲ. ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೇಳಲು ಈ ನಿವಾಸಿಗಳಿಗೇನು ಹಕ್ಕು ಎಂಬ ವಾದ ಅಲ್ಲಿಯೂ ನಡೆಯಿತು. 1991ರಲ್ಲಿ ಬಂದ ತೀರ್ಪು ಆ ವಾದವನ್ನು ಒಪ್ಪಲಿಲ್ಲ. ಪಾರ್ಕಿನ ಜಾಗವನ್ನು ಖಾಸಗಿಯವರಿಗೆ ಕೊಟ್ಟದ್ದು ತಪ್ಪು, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿನ ನಿವಾಸಿಗಳಿಗಿದೆ ಎಂದಿತು. 'ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ' ಎಂಬ ಈ ಪ್ರಕರಣವನ್ನು ವಕೀಲರು ಇಂದಿಗೂ ಉಲ್ಲೇಖಿಸುತ್ತಾರೆ. ಆಸ್ಪತ್ರೆಯಂಥ ಆಸ್ಪತ್ರೆಗೇ ಸಿಗದ ಜಾಗ ಎರಡು ಬೆಡ್‌ರೂಮಿನ ಫ್ಲ್ಯಾಟುಗಳಿಗೆ ಹೇಗೆ ಸಿಗುತ್ತದೆ?

ನನಗೆ ನಿಜವಾಗಿ ಹೆದರಿಕೆ ನಮ್ಮ ಮೌನದ್ದು. ಮೊದಲು ಬೇಲಿ ಏಳುತ್ತದೆ, ಆಮೇಲೆ ಶೆಡ್ಡು, ಆಮೇಲೆ ಕರೆಂಟಿನ ಮೀಟರು. ಅಷ್ಟಾದ ಮೇಲೆ ಎಬ್ಬಿಸಲು ಹೋದರೆ ಮುಗಿಯದ ವ್ಯಾಜ್ಯ. ಬೇಲಿ ಏಳುವ ಮುಂಚೆಯೇ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು.

ಅದಕ್ಕೆ ಈಗ ಬೇಕಿರುವುದು ಲೇಔಟಿನ ಮೂಲ ನಕ್ಷೆ. ಮೊದಲ ಹಂಚಿಕೆಯಲ್ಲೇ ಸೈಟು ಪಡೆದ ಹಿರಿಯರ ಮನೆಗಳಲ್ಲಿ, ಟ್ರಂಕಿನಲ್ಲೋ ಬೀರುವಿನಲ್ಲೋ ಅದು ಇದ್ದೇ ಇರುತ್ತದೆ. ದಯವಿಟ್ಟು ಹುಡುಕಿ, ಪಾರ್ಕಿನ ಗಡಿ ಮತ್ತು ಅಳತೆ ಸ್ಪಷ್ಟವಾಗಿ ಕಾಣುವಂತೆ ಫೋಟೋ ತೆಗೆದು ನನಗೆ ಕಳಿಸಿ. ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲೇ ಸೇರಿ ಅರ್ಜಿಗೆ ಸಹಿ ಹಾಕೋಣ. ವಠಾರದವರನ್ನೂ ಕರೆತನ್ನಿ.