ಮೂರನೆಯ ಅಳತೆ

ಹೊರಗೋಡೆಯ ಗಾರೆ ಕೆಲಸದ ಕೂಲಿಯನ್ನು ಚದರ ಅಡಿಯ ಲೆಕ್ಕದಲ್ಲಿ ಮಾತನಾಡುತ್ತಾರೆ. ಅಂದರೆ ಉದ್ದ ಮತ್ತು ಎತ್ತರ ಮೇಸ್ತ್ರಿಯ ಪಾಲಿಗೆ. ದಪ್ಪ ಎಂಬ ಮೂರನೆಯ ಅಳತೆ, ಸಿಮೆಂಟು ಮರಳು ತರಿಸಿಕೊಡುವ ಯಜಮಾನನ ಪಾಲಿಗೆ. ತುಮಕೂರಿನಲ್ಲಿ ನಾವು ಮನೆ ಕಟ್ಟಿಸುತ್ತಿದ್ದಾಗ ಈ ಆಸ್ತಿ ವಿಭಾಗ ನನಗೆ ಅರ್ಥವಾದದ್ದು ಪೂರ್ವದ ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟ ದಿನ.

ಕ್ರಮವೇನೋ ಸರಳವಾಗಿದೆ. ಹೊರಮೈಗೆ ಎರಡು ಕೋಟು, ಒಟ್ಟು 20 ಮಿಲಿಮೀಟರ್: ಮೊದಲು 12ರಿಂದ 15 ಮಿಲಿಮೀಟರಿನ ಒರಟು ಕೋಟು ಹಾಕಿ, ಅದು ಹಸಿಯಿರುವಾಗಲೇ ಮೈತುಂಬ ಗೀರು ಎಳೆದು ಬಿಡಬೇಕು; ಅದು ಗಟ್ಟಿಯಾದ ಮೇಲೆ, ಆ ಗೀರುಗಳನ್ನು ಕಚ್ಚಿಕೊಂಡು ನಿಲ್ಲುವಂತೆ 5ರಿಂದ 8 ಮಿಲಿಮೀಟರಿನ ಎರಡನೆಯ ಕೋಟು. ಆದರೆ ಇದೆಲ್ಲ ನೆಟ್ಟಗೆ ನಿಂತ ಗೋಡೆಯ ಮಾತು. ನಮ್ಮದು ಪ್ಯಾರಪೆಟ್ಟಿನ ಹತ್ತಿರ ಒಂದು ಇಂಚಿಗೂ ಮಿಕ್ಕಿ ಒಳಕ್ಕೆ ವಾಲಿತ್ತು. ದಾರ ತೋರಿಸಿದರೆ ಮೇಸ್ತ್ರಿ ಎಲೆ ಅಡಿಕೆಯನ್ನು ದವಡೆಗೆ ಸರಿಸಿ, "ಗೋಡೆ ನೆಟ್ಟಗೇ ಐತೆ ಸಾರ್, ದಾರಕ್ಕೆ ಗಾಳಿ ಹೊಡೀತೈತೆ" ಎಂದರು. ಗಾಳಿ ನಿಂತ ಮೇಲೂ ದಾರ ಅಲ್ಲೇ ನೇತಾಡುತ್ತಿದ್ದುದರಿಂದ, "ಬಿಡಿ, ಗಾರೇಲಿ ಸರಿಮಾಡ್ಕೊಡ್ತೀನಿ" ಎಂದು ತೀರ್ಪು ತಿದ್ದುಪಡಿಯಾಯಿತು.

ಗಾರೆಯಲ್ಲಿ ಸರಿಮಾಡುವುದೆಂದರೆ ಕೆಳಗೆ 20 ಮಿಲಿಮೀಟರ್, ಮೇಲೆ ಹೋಗುತ್ತಾ 50. ಒಂದು ಚದರಕ್ಕೆ, ಅಂದರೆ 100 ಚದರ ಅಡಿಗೆ, 20 ಮಿಲಿಮೀಟರ್ ದಪ್ಪದಲ್ಲಿ ಸುಮಾರು 6.5 ಘನ ಅಡಿ ಗಾರೆ ಹಿಡಿಯುತ್ತದೆ. ಸರಾಸರಿ ದಪ್ಪ 35 ಆದರೆ ಅದು 11 ಘನ ಅಡಿ ದಾಟುತ್ತದೆ. ಇಟ್ಟಿಗೆ ಕಟ್ಟಿದವರ ವಾಲಿಕೆಗೆ ನಾನು ಸಿಮೆಂಟಿನಲ್ಲಿ ದಂಡ ಕಟ್ಟುತ್ತಿದ್ದೆ.

ದಪ್ಪ ಹೆಚ್ಚು ಬೇಕಾದರೆ ಕೋಟುಗಳನ್ನು ಹೆಚ್ಚಿಸಬೇಕೇ ಹೊರತು ಕೋಟಿನ ದಪ್ಪವನ್ನಲ್ಲ, ಏಕೆಂದರೆ ಹಸಿ ಗಾರೆ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಮೇಸ್ತ್ರಿಗೆ ಇದು ಗೊತ್ತಿಲ್ಲವೆಂದಲ್ಲ. ಸಂಜೆಯಾಗಿತ್ತು, ಕಲಸಿದ ಗಾರೆ ಉಳಿದಿತ್ತು, ಸಾರುವೆಯ ಮೇಲೆ ನಿಂತವರಿಗೆ ಮನೆಗೆ ಹೋಗುವ ಆತುರವಿತ್ತು. ಕರಣೆಯಿಂದ ಹೊಡೆದದ್ದೇ ಹೊಡೆದದ್ದು. ಅರ್ಧ ಗಂಟೆಯಲ್ಲಿ ಗೋಡೆ ಹೊಟ್ಟೆ ಬಿಟ್ಟಿತು. ಹೊಟ್ಟೆಯ ಮೇಲಂಚಿನಲ್ಲಿ ಕೂದಲೆಳೆಯ ಬಿರುಕೊಂದು ಮೂಡಿ, ಬೆರಳು ತೂರುವಷ್ಟು ಅಗಲವಾಗಿ, ಇಡೀ ಚಕ್ಕೆ ಕಾಂಪೌಂಡಿನ ಆಚೆ ಪಕ್ಕದ ಮನೆಯ ಅಜ್ಜಿ ಒಣಗಲು ಹಾಕಿದ್ದ ಸಂಡಿಗೆಯ ಮೇಲೆ ಕುಳಿತಿತು.

"ಏನಪ್ಪಾ ಇದು?" ಎಂದು ಅಜ್ಜಿ ಕೂಗಿದರೆ ಮೇಸ್ತ್ರಿ ಮೇಲಿನಿಂದಲೇ, "ಒಳ್ಳೇ ಮಾಲು ಅಜ್ಜಿ, ಒಂದು ಸಿಮೆಂಟಿಗೆ ನಾಲ್ಕು ಮರಳು!" ಎಂದು ಧೈರ್ಯ ಹೇಳಿದರು.

ಮರುದಿನ ಉಳಿದದ್ದನ್ನು ಕೆತ್ತಿ, ಗಾರೆ ಹಿಡಿದು ನಿಲ್ಲಲು ಕೋಳಿಬಲೆಯ ತಂತಿಜಾಲರಿ ಹೊಡೆದು, ಕೋಟಿನ ಮೇಲೆ ಕೋಟು ಹಾಕಿದ ಮೇಲೆ ಗೋಡೆ ನಿಜಕ್ಕೂ ನೆಟ್ಟಗಾಯಿತು. ಅಷ್ಟರಲ್ಲಿ ಹೊರಗಿನ ನಲ್ಲಿಗೆಂದು ಬಿಟ್ಟಿದ್ದ ಪೈಪಿನ ಬಾಯಿ ಗಾರೆಯೊಳಗೆ ಪೂರ್ತಿ ಮುಳುಗಿಹೋಗಿತ್ತು. ಹುಡುಕಿ ಕೆತ್ತಿ ತೆಗೆದ ಪ್ಲಂಬರು ತಲೆಯಾಡಿಸುತ್ತಾ, ಗಾರೆಯವರು ದಪ್ಪ ಹಾಕಿದ್ದರಿಂದ ಒಂದು ಎಕ್ಸ್‌ಟೆನ್ಷನ್ ಬೇಕೆಂದೂ, ಅದರ ದುಡ್ಡು ಕೂಲಿಯಲ್ಲಿ ಸೇರಿಲ್ಲವೆಂದೂ ತಿಳಿಸಿದ.